ಧರ್ಮಕ್ಕೆ ಕೊಟ್ಟದ್ದೋ, ದುಡಿದು ಗಳಿಸಿದ್ದೋ?

(ಕಾರ್ಮಿಕ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



ಹೋದ ತಿಂಗಳು, ಗೋವೆಯ ಎಸ್ಟೇಟೊಂದರಲ್ಲಿ 22 ವರ್ಷ ದುಡಿದ ಅಣ್ಣನವರೊಬ್ಬರು ಒಂದು ಕಾಗದ ಹಿಡಿದು ನಮ್ಮಲ್ಲಿಗೆ ಬಂದರು. ಸಹಿ ಹಾಕಿದರೆ ಹಣ ಕೊಡುತ್ತಾರಂತೆ. ಕಾಗದ ಇಂಗ್ಲಿಷಿನಲ್ಲಿತ್ತು. "ಗ್ರ್ಯಾಚುಯಿಟಿ ಅಂತ ಬರೆದಿದ್ದಾರಲ್ಲ ಉಪದೇಶಿಗಳೇ, ಸಹಿ ಹಾಕಿಬಿಡಲೇ?" ಎಂದರು. ಓದಿ ನೋಡಿದೆವು. ಅಲ್ಲಿದ್ದದ್ದು 'ಗ್ರ್ಯಾಚುಯಿಟಿ' ಅಲ್ಲ, 'ಗ್ರ್ಯಾಚುಯಿಟಸ್'.

ಎರಡೂ ಒಂದೇ ಲತೀನ್ ಬೇರಿನ ಮಾತುಗಳು. ಆದರೆ ಗ್ರ್ಯಾಚುಯಿಟಸ್ ಎಂದರೆ ಪುಕ್ಕಟೆಯಾಗಿ, ಧರ್ಮಕ್ಕೆ ಕೊಟ್ಟದ್ದು. ಅದಕ್ಕೆ ಇನ್ನೊಂದು ಅರ್ಥವೂ ಉಂಟು: ತಕ್ಕ ಕಾರಣವಿಲ್ಲದ್ದು, ನಿಷ್ಕಾರಣವಾದದ್ದು. ತಪ್ಪು ಮಾಡದವನನ್ನು ಮೇಸ್ತ್ರಿ ಎಲ್ಲರೆದುರು ಬೈದರೆ ಅದು ಗ್ರ್ಯಾಚುಯಿಟಸ್ ಅವಮಾನ. ನಾವೂ "ಪುಕ್ಕಟೆ ಬೈಸಿಕೊಂಡೆ" ಎನ್ನುತ್ತೇವಲ್ಲವೇ?

ಲತೀನ್ ಬೈಬಲಿನಲ್ಲಿ 'ಗ್ರಾತಿಸ್' ಎಂಬ ಮಾತಿಗೆ ಈ ಎರಡು ಅರ್ಥಗಳೂ ಇವೆ. ಮತ್ತಾಯನ 10ನೆಯ ಅಧ್ಯಾಯದಲ್ಲಿ, ದೇವರಿಂದ ಬೆಲೆಯಿಲ್ಲದೆ ಬಂದದ್ದಕ್ಕೆ ಬೆಲೆ ಕೇಳಬೇಡಿರೆಂದು ಯೇಸುಸ್ವಾಮಿ ಹೇಳುವಲ್ಲಿ ಅದೇ ಮಾತು. ಯೊವಾನ್ನನ 15ನೆಯ ಅಧ್ಯಾಯದಲ್ಲಿ, ಲೋಕವು ಕಾರಣವಿಲ್ಲದೆ ತಮ್ಮನ್ನು ದ್ವೇಷಿಸಿತೆಂದು ಹೇಳುವಲ್ಲಿಯೂ ಅದೇ. ಆದರೆ ಗಮನಿಸಿರಿ: ಮತ್ತಾಯನಲ್ಲಿ ಆ ಮಾತಾದ ಎರಡೇ ವಚನಗಳ ಮುಂದೆ, ದುಡಿಯುವವನಿಗೆ ಅವನ ಊಟ ನ್ಯಾಯವಾಗಿ ಸಲ್ಲಬೇಕೆಂದು ಸ್ವಾಮಿ ಹೇಳುತ್ತಾರೆ. ವರ ಬೇರೆ, ಕೂಲಿ ಬೇರೆ.

ಗ್ರ್ಯಾಚುಯಿಟಿಯೂ ಹಿಂದೆ ಧಣಿಯ ಮರ್ಜಿಯ ಕಾಣಿಕೆಯಾಗಿತ್ತು. 1972ರ ಕಾಯ್ದೆ ಅದನ್ನು ದೇಶದ ಕಾರ್ಖಾನೆ, ಗಣಿ, ತೋಟಗಳ ಕಾರ್ಮಿಕರ ಹಕ್ಕಾಗಿ ಮಾಡಿತು. 2025ರ ನವೆಂಬರ್ 21ರಿಂದ ಆ ಹಕ್ಕು ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಕಾಯಂ ಕೆಲಸಗಾರರು 5 ವರ್ಷ ಸತತವಾಗಿ ದುಡಿದಿದ್ದರೆ, ವರ್ಷಕ್ಕೆ 15 ದಿನದ ಕೂಲಿಯಂತೆ ಸಿಗಬೇಕು. ಅವಧಿ ಕರಾರಿನವರಿಗೆ 1 ವರ್ಷ ಸಾಕು. ಕೆಲಸಗಾರ ತೀರಿಕೊಂಡರೆ 5 ವರ್ಷ ತುಂಬಿರಬೇಕಾಗಿಲ್ಲ. ಹಣ ಮನೆಯವರಿಗೆ ಸಲ್ಲಬೇಕು.

ಅಣ್ಣನವರ ಲೆಕ್ಕ 330 ದಿನದ ಕೂಲಿ. ಕಾಗದದಲ್ಲಿ ಕಾಣಿಸಿದ್ದು ಅದರ ಅರ್ಧವೂ ಅಲ್ಲ. ಅದನ್ನೂ ಉಪಕಾರವೆಂಬಂತೆ ಬರೆದಿದ್ದರು! ಸಹಿ ಹಾಕಬೇಡಿರೆಂದೆವು, ಅರ್ಜಿ ಬರೆದುಕೊಟ್ಟೆವು. ಉತ್ತರ ಇನ್ನೂ ಬಂದಿಲ್ಲ. ಮನೆಯಲ್ಲಿ ಮಗಳ ಮದುವೆ ಗೊತ್ತಾಗಿದೆ. ಆದರೂ ಅಕ್ಕನವರು, "ಕಾಯುತ್ತೇವೆ, ಭಿಕ್ಷೆ ಬೇಡ" ಎಂದಿದ್ದಾರೆ. ಅವರಿಗಾಗಿ ಪ್ರಾರ್ಥಿಸಿರಿ.

ಬಂಧುಗಳೇ, ಅರ್ಥವಾಗದ ಕಾಗದಕ್ಕೆ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಒತ್ತಬೇಡಿರಿ. ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿರಿ, ಯೂನಿಯನ್ನಿಗೆ ತನ್ನಿರಿ. ದೇವರ ವರಕ್ಕೆ ಕೈಮುಗಿಯೋಣ. ದುಡಿದ ಕೂಲಿಯನ್ನು ತಲೆಯೆತ್ತಿ ಕೇಳೋಣ.