ಮರದ ಉಂಗುರಗಳಲ್ಲಿ ಸೂರ್ಯನ ಚರಿತ್ರೆ
(ಶತಮಾನೋತ್ಸವದ ವಿಜ್ಞಾನಗೋಷ್ಠಿಯಲ್ಲಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣ)



ಜತ್ತ ತಾಲೂಕಿನವರಾದ ನಾವು ಬರವನ್ನು ಪುಸ್ತಕದಿಂದ ಅರಿತವರಲ್ಲ. ಮಳೆ ಕೈಕೊಟ್ಟ ವರ್ಷ ಮಕ್ಕಳು ಕೇಳುವುದುಂಟು: ಸೂರ್ಯನೇ ಬದಲಾದನೆ? ಈ ಪ್ರಶ್ನೆ ಹಳೆಯದು. 1876-78ರ ಮಹಾಕ್ಷಾಮವು ದಖ್ಖನ್ನನ್ನು ಬೆಂದು ಬಸವಳಿಸಿದ ಬಳಿಕ, ಸೂರ್ಯನ ಕಲೆಗಳಿಗೂ ಮುಂಗಾರಿಗೂ ನಂಟಿದೆಯೇ ಎಂದು ತಿಳಿಯುವ ಹಂಬಲವೂ ಕೊಡೈಕನಾಲ್ ವೀಕ್ಷಣಾಲಯದ ಸ್ಥಾಪನೆಗೆ ಕಾರಣವಾಯಿತು. ಅಲ್ಲಿ ಶತಮಾನಕ್ಕೂ ಮಿಕ್ಕ ಕಾಲದ ಸೂರ್ಯನ ಛಾಯಾಚಿತ್ರಗಳಿವೆ. ಇಂದು ಅದನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುತ್ತಿದೆ.

ದೂರದರ್ಶಕದಿಂದ ಸೂರ್ಯನ ಕಲೆಗಳನ್ನು ನೋಡತೊಡಗಿದ್ದು 1610ರ ಸುಮಾರಿಗೆ. ಅವು ಹೆಚ್ಚುಕಡಿಮೆ 11 ವರ್ಷಗಳಿಗೊಮ್ಮೆ ಏರಿ ಇಳಿಯುತ್ತವೆ. ಅದಕ್ಕೂ ಹಿಂದಿನ ಸಹಸ್ರಾರು ವರ್ಷಗಳಿಗೆ ಸಾಕ್ಷಿ ಯಾರು? ಮರಗಳು ಮತ್ತು ಹಿಮ.

ಅಂತರಿಕ್ಷದ ವಿಶ್ವಕಿರಣಗಳು ವಾಯುಮಂಡಲದ ಸಾರಜನಕಕ್ಕೆ ತಾಗಿದಾಗ ಕಾರ್ಬನ್-14 ಹುಟ್ಟುತ್ತದೆ. ಮರವು ಅದನ್ನು ಗಾಳಿಯಿಂದ ಪಡೆದು ಆಯಾ ವರ್ಷದ ಉಂಗುರದಲ್ಲಿ ಸೇರಿಸಿಕೊಳ್ಳುತ್ತದೆ. ಸೂರ್ಯ ಚುರುಕಾಗಿದ್ದಾಗ ಅವನ ಕಾಂತಕ್ಷೇತ್ರವು ವಿಶ್ವಕಿರಣಗಳನ್ನು ತಡೆಯುತ್ತದೆ, ಕಾರ್ಬನ್-14 ಕಡಿಮೆಯಾಗುತ್ತದೆ. ಸೂರ್ಯ ಶಾಂತನಾದರೆ ಅದು ಹೆಚ್ಚುತ್ತದೆ. ಗ್ರೀನ್‌ಲ್ಯಾಂಡ್ ಹಾಗೂ ಅಂಟಾರ್ಕ್ಟಿಕದ ಹಿಮಪದರಗಳಲ್ಲಿ ಬೆರಿಲಿಯಂ-10 ಇದೇ ಸಾಕ್ಷಿ ನುಡಿಯುತ್ತದೆ. ಭೂಮಿಯ ಕಾಂತಕ್ಷೇತ್ರವೂ ಸಾಗರಗಳೂ ಈ ಲೆಕ್ಕವನ್ನು ಏರುಪೇರು ಮಾಡುವುದರಿಂದ ವಿಜ್ಞಾನಿಗಳು ಒಂದೇ ಸಾಕ್ಷಿಯನ್ನು ನಂಬಿ ಕೂರುವುದಿಲ್ಲ.

1645ರಿಂದ 1715ರವರೆಗೆ ಸೂರ್ಯನಲ್ಲಿ ಕಲೆಗಳು ತೀರ ವಿರಳವಾಗಿದ್ದವು. ಆ ಕಾಲದ ಉಂಗುರಗಳಲ್ಲಿ ಕಾರ್ಬನ್-14 ಹೆಚ್ಚಿದೆ. 1674ರಲ್ಲಿ ರಾಯಗಡದಲ್ಲಿ ಶಿವಾಜಿ ಮಹಾರಾಜರ ಪಟ್ಟಾಭಿಷೇಕ ನಡೆದಾಗ ಆಕಾಶದಲ್ಲಿದ್ದುದು ಅಂಥ ಶಾಂತ ಸೂರ್ಯ. ಇದಕ್ಕೆ ವ್ಯತಿರಿಕ್ತವಾದ ಸಂಗತಿಯೂ ಇದೆ. ಜಪಾನಿನ ದೇವದಾರು ಮರಗಳಲ್ಲಿ ಕ್ರಿ.ಶ. 774-775ರ ಉಂಗುರದಲ್ಲಿ ಕಾರ್ಬನ್-14 ಒಮ್ಮೆಲೆ ಏರಿದ್ದನ್ನು ಫುಸಾ ಮಿಯಾಕೆ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದರು. ಅದು ನಮ್ಮ ನಾಡಿನಲ್ಲಿ ರಾಷ್ಟ್ರಕೂಟರ ಕಾಲ. ಸೂರ್ಯನಿಂದ ಚಿಮ್ಮಿದ ಕಣಗಳ ಮಹಾಪ್ರವಾಹವೇ ಕಾರಣವೆಂಬುದು ಬಹುತೇಕ ವಿಜ್ಞಾನಿಗಳ ಅಭಿಪ್ರಾಯ. ಇಂದು ಅಂಥದು ನಡೆದರೆ ಉಪಗ್ರಹಗಳಿಗೆ ಗಂಡಾಂತರ.

ಇನ್ನು ಮಕ್ಕಳ ಪ್ರಶ್ನೆಗೆ ಉತ್ತರ. ಹನ್ನೊಂದು ವರ್ಷಗಳ ಚಕ್ರದಲ್ಲಿ ಸೂರ್ಯನ ಒಟ್ಟು ಪ್ರಕಾಶ ಬದಲಾಗುವುದು ಶೇಕಡಾ 0.1ರಷ್ಟು ಮಾತ್ರ. ಒಂದು ವರ್ಷ ಮಳೆ ತಪ್ಪಿದ್ದಕ್ಕೆ ಅದನ್ನು ದೂರುವಂತಿಲ್ಲ. ಸಾಗರದ ಉಷ್ಣತೆ, ಗಾಳಿಯ ಗತಿ ಮುಂತಾದವುಗಳ ಪಾತ್ರ ಹಿರಿದು. ಬರದ ಹೊಣೆಯನ್ನು ಸೂರ್ಯನಿಗೆ ಹೊರಿಸಿ ನಮ್ಮ ಕೆರೆಗಳ ಹೂಳನ್ನು ಮರೆಯುವುದು ಸಲ್ಲದು.

ಮರವು ತನ್ನ ವರ್ಷದ ಲೆಕ್ಕವನ್ನು ತಪ್ಪದೆ ಇಟ್ಟದ್ದರಿಂದ ಇಷ್ಟೆಲ್ಲ ತಿಳಿಯಿತು. ಶಾಲೆಯ ನೂರು ವರ್ಷಗಳ ಹಾಜರಿಪಟ್ಟಿಗಳೂ ಅಂಥವೇ ಉಂಗುರಗಳು. ಅವುಗಳ ಜೊತೆಗೆ ಈ ವರ್ಷದಿಂದ ಮಳೆಯ ಅಳತೆಯನ್ನೂ ಬಾವಿಗಳ ನೀರಿನ ಮಟ್ಟವನ್ನೂ ಮಕ್ಕಳ ಕೈಯಿಂದ ಕನ್ನಡದಲ್ಲಿಯೇ ಬರೆಯಿಸೋಣ. ಗಡಿನಾಡಿನ ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸಲು ಹಿಂಜರಿಯುವ ಪಾಲಕರಿಗೆ ನಮ್ಮ ವಿನಂತಿ ಇಷ್ಟೇ: ವಿಜ್ಞಾನ ಕನ್ನಡದಲ್ಲಿ ಮಕ್ಕಳಿಗೆ ನಿಲುಕುತ್ತದೆ. ಆ ದಫ್ತರವನ್ನು ಒಮ್ಮೆ ತೆರೆದು ನೋಡಲು ಬನ್ನಿರಿ.