ಗೋಲ್ಡ್ ಮೆಡಲ್ ಒಂದೇ, ದೋಸ್ತರು ಇಬ್ಬರು

ರಾಜಕೀಯದಿಂದ ದೋಸ್ತಿ ಕೆಟ್ಟಿತು ಅಂತ ಭಾಳ ಮಂದಿ ಹೇಳ್ತಾರೆ. ನನಗೆ ಆ ಮಾತಿನ ಮ್ಯಾಲೆ ಪೂರ್ತಿ ನಂಬಿಕೆ ಇಲ್ಲ.

2016ರಲ್ಲಿ ಭೂತರಾಮನಹಟ್ಟಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ ಸೇರಿದಾಗ ನಾವು ಮೂವರು ಒಂದೇ ರೂಮು. ನಾನು ಬೈಲಹೊಂಗಲದವ, ಒಬ್ಬ ಸವದತ್ತಿಯವ, ಇನ್ನೊಬ್ಬ ರಾಮದುರ್ಗದವ. ಅವರಿಬ್ಬರದು ಎಂಥ ದೋಸ್ತಿ ಅಂದ್ರೆ, ಒಬ್ಬನ ಮನೆಯಿಂದ ಬಂದ ರೊಟ್ಟಿ ಗಂಟನ್ನ ಇನ್ನೊಬ್ಬ ಬಿಚ್ಚೋನು. ಓದಿನಾಗೂ ಇಬ್ಬರೂ ಹುಲಿ. ಮೊದಲ ವರ್ಷ ಮುಗಿದಾಗ ಇಬ್ಬರ ನಡುವಿನ ಫರಕು ಬರೀ ನಾಲ್ಕು ಮಾರ್ಕ್ಸ್. ಗೋಲ್ಡ್ ಮೆಡಲ್ ಮಾತ್ರ ಒಂದೇ. (ನಾನು ಆ ಲೆಕ್ಕದಾಗ ಇರಲಿಲ್ಲ ಬಿಡ್ರಿ.)

2017ರ ಆಗಸ್ಟ್ 22ಕ್ಕೆ ಬೆಳಗಾವಿಯಲ್ಲಿ ಲಿಂಗಾಯತ ಸ್ವತಂತ್ರ ಧರ್ಮದ ದೊಡ್ಡ ಸಮಾವೇಶ ಆಯಿತು. ರಾಮದುರ್ಗದವ ಹೋಗಿ ಬಂದ. ಸವದತ್ತಿಯವನ ಮನೆಯವರು ವೀರಶೈವ, ಲಿಂಗಾಯತ ಎರಡೂ ಒಂದೇ ಅನ್ನೋರು. ಆವತ್ತು ರಾತ್ರಿ ವಾದ ಆಯಿತು, ನಕ್ಕು ಮಲಗಿದ್ರು. ಅಲ್ಲಿಗೇ ಮುಗೀಬೇಕಿತ್ತು.

ಮೂರನೇ ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂತು. ಸವದತ್ತಿಯವ ಕಾಸ್ಟಿಂಗ್ ನೋಟ್ಸ್ ಕೇಳಿದ. ರಾಮದುರ್ಗದವ, "ನಿಮ್ಮ ಕಡೆಯವರನ್ನ ಕೇಳ್ಹೋಗಲೇ" ಅಂದ. ನೋಡ್ರಿ, ಕಾಸ್ಟಿಂಗಿಗೂ ಧರ್ಮಕ್ಕೂ ಏನು ಸಂಬಂಧ? ರ‍್ಯಾಂಕಿನ ಹೊಟ್ಟೆಕಿಚ್ಚು ಹೇಳಿಕೊಳ್ಳಾಕ ನಾಚಿಕೆ ಬರ್ತದೆ. ಧರ್ಮದ ಹೆಸರು ಹಾಕಿದ್ರೆ ಅದಕ್ಕೊಂದು ಮರ್ಯಾದೆ ಬರ್ತದೆ, ಬೆನ್ನ ಹಿಂದೆ ಮಂದಿನೂ ನಿಲ್ತಾರೆ. ಆಮೇಲೆ ಇವನೂ ಸುಮ್ಮನಿರಲಿಲ್ಲ, ಕ್ಲಾಸಿನ ವಾಟ್ಸಾಪ್ ಗ್ರೂಪಿನಾಗ ಫಾರ್ವರ್ಡ್ ಶುರು ಮಾಡಿದ.

ಇದೇ ಪ್ರಶ್ನೆ ಮ್ಯಾಲೆ ಎಂ.ಎಂ. ಕಲಬುರ್ಗಿ, ಎಂ. ಚಿದಾನಂದಮೂರ್ತಿ ಪೂರಾ ಎದುರಾ ಬದರಾ ಇದ್ದರು. ಲಿಂಗಾಯತ ಬೇರೆ ಧರ್ಮ ಅಂತ ಅವರು, ಹಿಂದೂ ಧರ್ಮದ್ದೇ ಭಾಗ ಅಂತ ಇವರು. ಇಬ್ಬರೂ ಶಾಸನ, ವಚನ ಓದಿ ಬರೆದವರು. ನಮ್ಮ ರೂಮಿನಾಗ ವಚನದ ಪುಸ್ತಕ ಒಂದೂ ಇರಲಿಲ್ಲ.

2018ರ ಮಾರ್ಚ್‌ನಾಗ ರಾಜ್ಯ ಸಂಪುಟ ಶಿಫಾರಸಿಗೆ ಒಪ್ಪಿತು, ಕೇಂದ್ರ ಒಪ್ಪಲಿಲ್ಲ. ಅಷ್ಟರಾಗ ಸವದತ್ತಿಯವ ರೂಮು ಬಿಟ್ಟಿದ್ದ. ಮೆಡಲ್ ಇಬ್ಬರಿಗೂ ಬರಲಿಲ್ಲ.

ಹೋದ ವರ್ಷ ಕಿತ್ತೂರು ಉತ್ಸವದಾಗ ರಾಮದುರ್ಗದವ ಸಿಕ್ಕಿದ್ದ. ಚಹಾ ಕುಡಿಯೋವಾಗ ತಾನಾಗೇ ಕೇಳಿದ, "ಅವ ಈಗ ಎಲ್ಲಿ ಅದಾನ?" ನಂಬರ್ ಕೊಟ್ಟೆ. ಸೇವ್ ಮಾಡಿಕೊಂಡ. ಫೋನ್ ಹಚ್ಚಿಲ್ಲ ಇನ್ನೂ. ಸವದತ್ತಿಯವ ಈ ಪಾಡ್‌ಕಾಸ್ಟ್ ತಪ್ಪದೆ ಕೇಳ್ತಾನೆ, ಅದಕ್ಕೇ ಇಲ್ಲಿ ಹೇಳ್ತಿದ್ದೀನಿ: ಲೇ ದೋಸ್ತ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದ್ರೆ ಎತ್ತು.