ಯಾವ ಮಳೆಗೆ ಯಾವ ಕಥೆ

ಈ ಉಪನ್ಯಾಸ ಮಾಲೆಯಲ್ಲಿ ನನಗೆ ಕೊಟ್ಟಿರುವ ವಿಷಯ, ಋತುಮಾನದ ಕಲೆ, ಕಥೆ ಮತ್ತು ಮಕ್ಕಳು. ಮಕ್ಕಳ ವಿಷಯ ಮಾತಾಡಲು ಎಲ್ಲಿಗೆ ಹೋದರೂ ತಂದೆತಾಯಿಗಳು ಹೇಳಿಕೊಳ್ಳುವುದು ಒಂದೇ ದೂರು: "ಹುಡುಗ ನಮ್ಮ ಜೊತೆ ಮಾತೇ ಆಡಲ್ಲ ಸಾರ್. ಏನು ಕೇಳಿದ್ರೂ ಹೂಂ ಅಂತಾನೆ, ಮೊಬೈಲ್ ಹಿಡ್ಕೊಂಡು ಮೂಲೆ ಸೇರ್ತಾನೆ." ದೂರು ನಿಜ. ಆದರೆ ಎಲ್ಲವನ್ನೂ ಮೊಬೈಲಿನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಮಗು ನಮ್ಮ ಜೊತೆ ಕೂತು ಮಾಡುವಂಥ ಕೆಲಸ ಮನೆಯಲ್ಲಿ ಏನು ಉಳಿದಿದೆ? ಮಗು ಕಾದು ಕೂರುವಂಥ ಕಥೆ ನಮ್ಮ ಬಾಯಲ್ಲಿ ಯಾವುದಿದೆ? ಮೊದಲು ಇದನ್ನು ನಾವೇ ಕೇಳಿಕೊಳ್ಳಬೇಕು.

ಕಾಯುವುದು ಎಂದೆ. ನನ್ನ ಇವತ್ತಿನ ಮಾತೆಲ್ಲ ಅದರ ಮೇಲೇ ನಿಂತಿದೆ. ಈಗ ಯಾವ ಕಥೆ ಬೇಕಾದರೂ ಯಾವ ಹೊತ್ತಿಗಾದರೂ ಸಿಗುತ್ತದೆ, ಬೇಡವಾದರೆ ಬೆರಳಲ್ಲಿ ತಳ್ಳಿದರೆ ಮುಗಿಯಿತು. ನಮ್ಮ ಹಿರಿಯರ ಕಥೆ ಹಾಗೆ ಸಿಗುತ್ತಿರಲಿಲ್ಲ. ಕಣದ ಕಥೆ ಕಣ ಹಾಕಿದಾಗ, ಕಾವ್ಯದ ಕಥೆ ಶ್ರಾವಣದಲ್ಲಿ, ಕೆರೆಯ ಕಥೆ ಕೆರೆ ಕೋಡಿ ಬಿದ್ದಾಗ. ಅಲ್ಲಿಯತನಕ ಮಗು ಕಾಯಬೇಕು, ಅಜ್ಜಿಯ ಹಿಂದೆ ಸುತ್ತಬೇಕು, "ಯಾವಾಗ ಹೇಳ್ತೀಯ" ಎಂದು ಪೀಡಿಸಬೇಕು. ಆ ಪೀಡನೆಯಲ್ಲೇ ನಂಟು ಬೆಳೆಯುತ್ತಿತ್ತು.

ನಮ್ಮ ಕಡೂರು ಸೀಮೆಗೆ ಇದು ಹೆಚ್ಚು ಸಲ್ಲುತ್ತದೆ. ಒಂದೇ ಜಿಲ್ಲೆಯಾದರೂ ಮೂಡಿಗೆರೆ, ಶೃಂಗೇರಿ ಕಡೆಯ ಮಳೆ ನಮಗಿಲ್ಲ. ಬಾಬಾಬುಡನ್ ಬೆಟ್ಟದ ಸಾಲು ಮೋಡವನ್ನೆಲ್ಲ ಆಚೆಗೇ ಹಿಂಡಿಕೊಂಡುಬಿಡುತ್ತದೆ. ಕಡೂರಿಗೆ ದಕ್ಕುವುದು ವರ್ಷಕ್ಕೆ ಸುಮಾರು 600 ಮಿಲಿಮೀಟರ್. ಹಾಗಾಗಿ ನಮ್ಮ ರೈತರು ಇಂಗ್ಲಿಷ್ ತಿಂಗಳಿಗಿಂತ ಹೆಚ್ಚಾಗಿ ಎಣಿಸಿದ್ದು ಮಳೆಗಳನ್ನು. ಭರಣಿ ಬಿದ್ದರೆ ಎಳ್ಳು, ಮುಂದೆ ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು. ಒಂದೊಂದು ಮಳೆಗೆ 13 ಅಥವಾ 14 ದಿನ. ಈ ಲೆಕ್ಕ ಗೊತ್ತಿರುವ ಮಗು ಆಕಾಶ ನೋಡುತ್ತದೆ. ನೋಡಿದ ಮೇಲೆ ಏನಾದರೊಂದು ಕೇಳಿಯೇ ಕೇಳುತ್ತದೆ. ಕಥೆ ಶುರುವಾಗುವುದು ಅಲ್ಲಿಂದ.

ಮಳೆ ಕೈಕೊಟ್ಟ ವರ್ಷ ಬಯಲುಸೀಮೆಯ ಊರುಗಳಲ್ಲಿ ನಡೆಯುವ ಚಂದ್ರನ ಪೂಜೆಯನ್ನೇ ತೆಗೆದುಕೊಳ್ಳಿ. ಇಲ್ಲಿ ಕೂತಿರುವ ತಾಯಂದಿರು ನನಗಿಂತ ಚೆನ್ನಾಗಿ ಬಲ್ಲಿರಿ. ಬೆಳದಿಂಗಳ ದಿನಗಳಲ್ಲಿ ಸಂಜೆ ಬೀದಿ ಗುಡಿಸಿ, ಸಗಣಿ ನೀರು ಹಾಕಿ ಸಾರಿಸಿ, ನಡುಬೀದಿಯಲ್ಲಿ ದುಂಡಗೆ ಚಂದ್ರನನ್ನು ಬರೆಯುತ್ತಾರೆ. ಹೊರಗೆರೆ ಎಳೆಯುವವರು ದೊಡ್ಡವರು. ಬಣ್ಣ ತುಂಬುವವರು ಮಕ್ಕಳು. ಬಣ್ಣವೂ ಅಂಗಡಿಯದೇ ಆಗಬೇಕಿಲ್ಲ. ಒಡೆದ ಇಟ್ಟಿಗೆ ಕುಟ್ಟಿ ಜರಡಿ ಹಿಡಿದರೆ ಕೆಂಪು, ಒಲೆಯ ಇದ್ದಿಲು ಅರೆದರೆ ಕಪ್ಪು, ಅಡುಗೆಮನೆಯ ಅರಿಸಿನ, ಒಣಗಿಸಿ ಪುಡಿ ಮಾಡಿದ ಸೊಪ್ಪಿನ ಹಸಿರು. ಇಟ್ಟಿಗೆ ಕುಟ್ಟುವಾಗ ಒಬ್ಬ ಹುಡುಗನ ಬೆರಳಿಗೆ ಪೆಟ್ಟಾಗುತ್ತದೆ, ಇನ್ನೊಬ್ಬಳ ಲಂಗವೆಲ್ಲ ಕೆಂಪಾಗುತ್ತದೆ. ಆಮೇಲೆ ಮನೆಮನೆಯಿಂದ ಬುತ್ತಿ ಬರುತ್ತದೆ. ಒಂದು ಮನೆಯಿಂದ ಚಿತ್ರಾನ್ನ, ಒಂದರಿಂದ ರೊಟ್ಟಿ ಪಲ್ಯ, ಇನ್ನೊಂದರಿಂದ ಮೊಸರನ್ನ. ಚಂದ್ರನಿಗೆ ಎಡೆಯಿಟ್ಟು, ಸುತ್ತ ಹಾಡಿ, ಕೋಲು ಹಾಕಿ, ಎಲ್ಲರೂ ಅಲ್ಲೇ ಬೀದಿಯಲ್ಲಿ ಕೂತು ಉಣ್ಣುತ್ತಾರೆ. ಬೆಳಗಾಗುವಷ್ಟರಲ್ಲಿ ದನಕರು, ಟ್ರ್ಯಾಕ್ಟರು ಓಡಾಡಿ ಆ ಚಂದ್ರ ಅಳಿಸಿಹೋಗಿರುತ್ತಾನೆ. ಸಂಜೆಗೆ ಮತ್ತೆ ಬರೆಯಬೇಕು. ಅಳಿಸಿತೆಂದು ಯಾವ ಮಗುವೂ ಅಳುವುದಿಲ್ಲ, "ನಾಳೆ ಕಣ್ಣು ನಾನು ಬರೀತೀನಿ" ಎನ್ನುತ್ತದೆ.

ಇದರಿಂದ ಮಳೆ ಬರುತ್ತದೆಯೇ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಬರದ ವರ್ಷ ಮನೆಯೊಳಗೆ ದೊಡ್ಡವರ ಮುಖ ಬಾಡಿರುತ್ತದೆ, ಸಾಲದ ಮಾತು, ಕೊಳವೆಬಾವಿ ಬತ್ತಿದ ಮಾತು. ಮಗುವಿಗೆ ಎಲ್ಲ ಕೇಳಿಸುತ್ತದೆ, ಆದರೆ ಮಾಡಲು ಏನೂ ಇರುವುದಿಲ್ಲ. ಚಂದ್ರನ ಪೂಜೆಯಲ್ಲಿ, ಮಳೆ ಬೇಡುವ ಮಳೆರಾಯನ ಮೆರವಣಿಗೆಯಲ್ಲಿ ಊರಿನ ಆ ಚಿಂತೆಯಲ್ಲಿ ಮಗುವಿಗೂ ಒಂದು ಪಾಲು ಸಿಗುತ್ತದೆ. ಮಳೆರಾಯನ ಮಣೆ ತಲೆ ಮೇಲೆ ಹೊತ್ತ ಹುಡುಗನಿಗೆ ಮನೆಮನೆಯ ಹೆಂಗಸರು ಬಿಂದಿಗೆ ನೀರು ಸುರಿಯುತ್ತಾರೆ. ಚಳಿಗೆ ನಡುಗುತ್ತ ಅವನು ಬೀದಿ ತುಂಬ ನಡೆಯುತ್ತಾನೆ. ಅವತ್ತು ಆ ಹುಡುಗ ಊರಿಗೆ ಬೇಕಾದವನು. ಮಕ್ಕಳನ್ನು ಹತ್ತಿರ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಇನ್ನು ಶ್ರಾವಣ. ನಮ್ಮ ತಾಲ್ಲೂಕಿನವರಿಗೆ ಈ ವಿಷಯದಲ್ಲಿ ಒಂದು ದೊಡ್ಡ ಆಸ್ತಿ ಇದೆ, ನಾವು ಅದರ ಪಟ್ಟಾದಾರರು ಎನ್ನುವುದನ್ನೇ ಮರೆತಿದ್ದೇವೆ. ಜೈಮಿನಿ ಭಾರತ ಬರೆದ ಲಕ್ಷ್ಮೀಶ ದೇವನೂರಿನವನು, ಇದೇ ಕಡೂರು ತಾಲ್ಲೂಕಿನವನು. ವಾರ್ಧಕ ಷಟ್ಪದಿಯ 34 ಸಂಧಿಗಳ ಆ ಕಾವ್ಯವನ್ನು ಶ್ರಾವಣದಲ್ಲಿ ಗುಡಿಯ ಜಗಲಿ ಮೇಲೆ ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು ಹಳೆ ಮೈಸೂರಿನ ಹಳ್ಳಿಹಳ್ಳಿಯಲ್ಲಿ ನಡೆದುಕೊಂಡು ಬಂದ ರೂಢಿ. ವಿದ್ವಾಂಸರು ಅದರ ಉಪಮೆ, ನಾದ ಎಲ್ಲವನ್ನೂ ಹೊಗಳಿದ್ದಾರೆ. ನಾನು ಅದನ್ನು ಮಕ್ಕಳ ಕಡೆಯಿಂದ ನೋಡುತ್ತೇನೆ. ಆ ಕಾವ್ಯದ ಹೆಸರಾದ ಕಥೆಗಳನ್ನು ಸಾಲಾಗಿ ಇಟ್ಟು ನೋಡಿ. ಕುಶಲವರು ಯಾಗದ ಕುದುರೆ ಕಟ್ಟಿದರು, ಎದುರಿಗೆ ಬಂದ ಸೇನೆ ಸ್ವಂತ ತಂದೆಯದು. ಬಭ್ರುವಾಹನ ಕುದುರೆ ಕಟ್ಟಿದ, ಇದು ನಿನ್ನಪ್ಪನದು ಎಂದು ತಾಯಿ ಹೇಳಿದ ಮೇಲೆ ಕಾಣಿಕೆ ಹೊತ್ತು ಕಾಲಿಗೆ ಬೀಳಲು ಬಂದ, ಅರ್ಜುನ ಹೀಯಾಳಿಸಿಬಿಟ್ಟ. ಸುಧನ್ವ ಯುದ್ಧಕ್ಕೆ ತಡವಾಗಿ ಬಂದನೆಂದು ಹೆತ್ತ ತಂದೆ ಹಂಸಧ್ವಜನೇ ಅವನನ್ನು ಕಾದ ಎಣ್ಣೆಗೆ ಹಾಕಿಸಿದ. ಚಂದ್ರಹಾಸನಿಗಂತೂ ಅಪ್ಪನೇ ಇಲ್ಲ. ಕೊಲ್ಲಲು ಕರೆದೊಯ್ದವರು ಕನಿಕರಪಟ್ಟು ಕಾಲಿನ ಆರನೇ ಬೆರಳನ್ನು ಮಾತ್ರ ಕತ್ತರಿಸಿಕೊಂಡು ಹೋದರು.

ನೋಡಿದಿರಾ? ಮಕ್ಕಳನ್ನು ಗುರುತಿಸದ ದೊಡ್ಡವರ ಕಥೆಗಳೇ ಹೆಚ್ಚು. ಎದುರಿಗೆ ನಿಂತ ಮಗನನ್ನು ಅಪ್ಪ ಗುರುತು ಹಿಡಿಯಲಾರ, ತಾಳ್ಮೆಯಿಂದ ಒಂದು ಮಾತು ಕೇಳಲಾರ. ಶಾಲೆಗೆ ತಡವಾಗಿ ಬಂದು ಬೈಸಿಕೊಂಡ ಮಗು ಸುಧನ್ವನ ಕಥೆ ಕೇಳುವಾಗ ಅದರ ಮುಖ ನೋಡಬೇಕು. ಎಣ್ಣೆ ಅವನನ್ನು ಸುಡಲಿಲ್ಲ ಎನ್ನುವಾಗ ಆ ಮಗು ಬಿಡುವ ಉಸಿರು ನಮಗೆ ಕೇಳಿಸುತ್ತದೆ. ಬಭ್ರುವಾಹನನ ಕಥೆ ಹೇಳಿ ಮುಗಿಸಿದ ಅಪ್ಪನಿಗೂ ಒಳಗೆ ಏನೋ ಚುಚ್ಚುತ್ತದೆ. ಒಂದೇ ಕಥೆ ಅಪ್ಪನನ್ನೂ ಮಗನನ್ನೂ ಪಕ್ಕಪಕ್ಕ ಕೂರಿಸಿ ಇಬ್ಬರಿಗೂ ತಟ್ಟುವುದಾದರೆ ಬೇರೆ ಬುದ್ಧಿವಾದ ಯಾಕೆ ಬೇಕು? ಷಟ್ಪದಿ ಓದಲು ಬಾರದಿದ್ದರೆ ಚಿಂತೆಯಿಲ್ಲ. ಕಥೆಯನ್ನು ನಮ್ಮ ಮಾತಿನಲ್ಲೇ ಹೇಳಿ. ಎರಡು ಪದ್ಯ ಬಲ್ಲವರು ಊರಿನಲ್ಲಿ ಒಬ್ಬರಿದ್ದರೂ ಅವರನ್ನು ಕರೆಸಿ ಓದಿಸಿ. ಆ ನಡಿಗೆ ಒಂದು ಸಲ ಕಿವಿಗೆ ಬಿದ್ದರೆ ಮಕ್ಕಳು ಅರ್ಥವಾಗುವ ಮೊದಲೇ ತಲೆದೂಗುತ್ತಾರೆ.

ಕೆರೆಯ ಕಥೆಗೆ ಬರುತ್ತೇನೆ. ಬೆಟ್ಟದಿಂದ ಇಳಿಯುವ ವೇದಾ ಹಳ್ಳ ಸಖರಾಯಪಟ್ಟಣದ ಅಯ್ಯನಕೆರೆ ತುಂಬುತ್ತದೆ, ಅವತಿ ಹಳ್ಳ ಮದಗದ ಕೆರೆ ತುಂಬುತ್ತದೆ. ಎರಡೂ ಕಡೂರಿನ ಹತ್ತಿರ ಕೂಡಿದರೆ ವೇದಾವತಿ. ಅದೇ ನೀರು ಮುಂದೆ ಹಿರಿಯೂರಿನ ಮಾರಿಕಣಿವೆಗೆ ಹೋಗುತ್ತದೆ. ಭೂಗೋಳದ ಪಾಠವಾಗಿ ಹೇಳಿದರೆ ಮೂರು ನಿಮಿಷ. ಆದರೆ ಮದಗದ ಕೆರೆಗೆ ಮಳೆ ಬಂದ ಹಾಡು ಇಡೀ ಕರ್ನಾಟಕಕ್ಕೆ ಗೊತ್ತು. ಮದಗ ಮಾಸೂರಿನವರು ಅದು ತಮ್ಮ ಕೆರೆಯದು ಎನ್ನುತ್ತಾರೆ, ಎನ್ನಲಿ, ಒಂದು ಹಾಡಿಗೆ ಎರಡು ಕೆರೆಯವರು ಹಕ್ಕು ಹೂಡುವುದು ಸಂತೋಷದ ವಿಷಯವೇ.

ಅಯ್ಯನಕೆರೆಯ ಹೊನ್ನಬಿಲ್ಲನ ಕಥೆ ಅಷ್ಟು ಸುಲಭದ್ದಲ್ಲ. ಕೆರೆ ತುಂಬಿ ಏರಿ ಒಡೆಯುವ ಹೊತ್ತು. ಕೆರೆಯ ದೇವಿ ಕಾವಲಿನ ಹೊನ್ನಬಿಲ್ಲನ ಮುಂದೆ ನಿಂತು, ಒಡೆದುಕೊಂಡು ಹೋಗುತ್ತೇನೆ ಎಂದಳು. ಊರಿಗೆ ಸುದ್ದಿ ಮುಟ್ಟಿಸಿ ಬರುತ್ತೇನೆ, ನಾನು ತಿರುಗಿ ಬರುವತನಕ ಒಡೆಯಬೇಡ ಎಂದು ಅವನು ಮಾತು ತೆಗೆದುಕೊಂಡ. ಊರಿಗೆ ಬಂದ, ತಿರುಗಿ ಹೋಗಲಿಲ್ಲ. ಹೋಗದ ಹಾಗೆ ಪ್ರಾಣವನ್ನೇ ಕೊಟ್ಟ. ಅವನು ಬರಲಿಲ್ಲ, ದೇವಿ ಮಾತಿಗೆ ಕಟ್ಟುಬಿದ್ದು ಇನ್ನೂ ಕಾಯುತ್ತಿದ್ದಾಳೆ, ಏರಿ ನಿಂತಿದೆ.

ಇಂಥ ಕಥೆ ಮಕ್ಕಳಿಗೆ ಬೇಡ, ಹೆದರುತ್ತಾರೆ ಎಂದು ಕೆಲವು ಮೇಷ್ಟ್ರುಗಳು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಾಲ್ಕನೇ ತರಗತಿಗಿಂತ ಕೆಳಗಿನವರಿಗೆ ಬೇಡ, ಅಷ್ಟು ಸರಿ. ಅದಕ್ಕಿಂತ ದೊಡ್ಡವರಿಗೆ ಹೇಳಿ, ಆದರೆ ತರಗತಿಯಲ್ಲಿ ಅಲ್ಲ. ಕೆರೆ ಏರಿ ಮೇಲೆ ನಿಲ್ಲಿಸಿ, ನೀರು ಕಲ್ಲಿಗೆ ಬಡಿಯುವುದು ಕೇಳಿಸುತ್ತಿರುವಾಗ ಹೇಳಿ. "ಅವನಿಗೆ ಮಕ್ಕಳಿದ್ರಾ? ಅವರೇನಾದ್ರು?" ಎಂದು ಕೇಳೇ ಕೇಳುತ್ತಾರೆ. ಉತ್ತರ ಹುಟ್ಟಿಸಿ ಹೇಳಬೇಡಿ. ಅದೇ ಪ್ರಶ್ನೆಯನ್ನು ಚಿತ್ರ ಬರೆಯಲು ಕೊಡಿ. ಏರಿಯ ಕೆಳಗಿನ ಊರು, ಅದರಲ್ಲೊಂದು ಮನೆ, ಬಾಗಿಲಲ್ಲಿ ನಿಂತವರು ಯಾರು ಎಂದು ಅವರೇ ಬರೆಯಲಿ. ಆ ಚಿತ್ರಗಳಲ್ಲಿ ಮಗುವಿನ ಮನೆಯೇ ಬಂದುಬಿಡುತ್ತದೆ, ಅದರ ಭಯವೂ ಬರುತ್ತದೆ. ಬಾಯಿಬಿಟ್ಟು ಎಂದೂ ಹೇಳದ ಸಂಗತಿ ಅದು, ನಮಗೆ ಬೇಕಾದದ್ದೂ ಅದೇ.

ಮಹಾನವಮಿಗೆ ಹಿಂದೆ ಅಯ್ಯನವರು ಮಠದ ಹುಡುಗರನ್ನು ಕರೆದುಕೊಂಡು ಮನೆಮನೆಗೆ ಹೋಗಿ ಚೌಪದಿ ಹೇಳಿಸುತ್ತಿದ್ದುದು, ದಸರೆಗೆ ಬೀರೂರಿನ ಮೈಲಾರಲಿಂಗನ ಕಾರ್ಣಿಕ ಕೇಳಲು ಅಪ್ಪನ ಹೆಗಲೇರಿ ಹೋಗುವುದು, ಇವೆಲ್ಲ ನಿಮಗೆ ಗೊತ್ತಿದ್ದದ್ದೇ. ನಾನು ನಿಲ್ಲಬೇಕೆಂದಿರುವುದು ದೀಪಾವಳಿಯ ಹತ್ತಿರ.

ನಮ್ಮ ಮಧ್ಯ ಕರ್ನಾಟಕದ ಒಕ್ಕಲು ಮನೆಗಳಲ್ಲಿ ಪಾಡ್ಯಕ್ಕೆ ಸಗಣಿಯಲ್ಲಿ ಕೆರಕ ಮಾಡುತ್ತಾರೆ, ಹುಚ್ಚೆಳ್ಳು, ತಂಗಡಿ, ಚೆಂಡು ಹೂ ಸಿಕ್ಕಿಸಿ ಹೊಸಿಲ ಎರಡೂ ಬದಿಗೆ ಇಡುತ್ತಾರೆ. ಹೂ ತರುವುದು ಮಕ್ಕಳ ಕೆಲಸ. ಅದೇ ದಿನಗಳಲ್ಲಿ ಲಂಬಾಣಿ ತಾಂಡಾಗಳಲ್ಲಿ ಹೆಣ್ಣುಮಕ್ಕಳು ದೀಪ ಹಿಡಿದು ಮನೆಮನೆಗೆ ಹೋಗಿ ಮೇರಾ ಹಾಡು ಹೇಳುತ್ತಾರೆ, ಮಾರನೆಯ ದಿನ ಕಾಡಿಗೆ ಹೋಗಿ ಹೂ ಕಿತ್ತು ತಂದು ಸಗಣಿ ಮುದ್ದೆಗೆ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಊರಿನ ಮಗುವೂ ತಾಂಡಾದ ಮಗುವೂ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂರುತ್ತವೆ. ತಾವಿಬ್ಬರೂ ಒಂದೇ ವಾರ, ಒಂದೇ ಥರ ಸಗಣಿಗೆ ಹೂ ಸಿಕ್ಕಿಸುತ್ತೇವೆ ಎಂಬುದು ಎಷ್ಟೋ ಸಲ ಇಬ್ಬರಿಗೂ ಗೊತ್ತಿರುವುದಿಲ್ಲ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ನಮ್ಮ ಹಬ್ಬದ ಕಲೆ ಎಲ್ಲರಿಗೂ ಒಂದೇ ಥರ ತೆರೆದಿರಲಿಲ್ಲ. ಯಾರ ಜಗಲಿ ಯಾರು ಹತ್ತಬಹುದು, ಯಾರ ಬುತ್ತಿ ಯಾರು ಉಣ್ಣಬಹುದು ಎಂಬ ಗೆರೆಗಳಿದ್ದವು. ಹಳೆಯದನ್ನು ಮಕ್ಕಳಿಗೆ ಕೊಡುವಾಗ ಆ ಗೆರೆಗಳನ್ನೂ ಕಟ್ಟಿ ಕೊಡುವುದು ತಪ್ಪು. ಚಂದ್ರನನ್ನು ಊರ ನಡುಬೀದಿಯಲ್ಲೇ ಬರೆಯಬೇಕೆಂದಿಲ್ಲ. ಶಾಲೆಯ ಅಂಗಳದಲ್ಲಿ ಬರೆಯಿರಿ, ಎಲ್ಲ ಕೇರಿಯ ಬುತ್ತಿಯೂ ಅಲ್ಲಿಗೆ ಬರಲಿ. ತಾಂಡಾದ ಅಜ್ಜಿ ಬಂದು ಅವರ ಕಥೆ ಅವರ ಮಾತಿನಲ್ಲೇ ಹೇಳಲಿ, ಮೊಮ್ಮಗಳು ಕನ್ನಡ ಮಾಡಿ ಹೇಳಲಿ. ಆ ಹುಡುಗಿಗೆ ಅವತ್ತು ಸಿಗುವ ಮರ್ಯಾದೆ ಯಾವ ಬಹುಮಾನಕ್ಕೂ ಕಡಿಮೆಯಲ್ಲ.

ಬಹುಮಾನ ಎಂದಾಗ ನೆನಪಾಯಿತು. ದಯವಿಟ್ಟು ಇದನ್ನು ಸ್ಪರ್ಧೆ ಮಾಡಬೇಡಿ. ರಂಗೋಲಿ ಸ್ಪರ್ಧೆ, ಕಥೆ ಹೇಳುವ ಸ್ಪರ್ಧೆ, ಪ್ರಥಮ, ದ್ವಿತೀಯ, ಸಮಾಧಾನಕರ. ಹತ್ತಾರು ಮಕ್ಕಳಲ್ಲಿ ಮೂವರಿಗೆ ತಟ್ಟೆ ಲೋಟ ಸಿಕ್ಕಿ, ಉಳಿದವರು ನನಗೆ ಬರಲ್ಲ ಎಂದುಕೊಂಡು ಮನೆಗೆ ಹೋಗುತ್ತಾರೆ. ಬೀದಿಯ ಚಂದ್ರನಿಗೆ ಬಣ್ಣ ತುಂಬಿದವರಲ್ಲಿ ಯಾರದು ಮೊದಲು ಎಂದು ಯಾರೂ ಕೇಳಿರಲಿಲ್ಲ.

ಇನ್ನೊಂದು ಚಿಕ್ಕ ಮಾತು. ಗೌರಿ ಗಣೇಶಕ್ಕೆ ಪೇಟೆಯಿಂದ ಪ್ಲಾಸ್ಟರ್ ಮೂರ್ತಿ ತರಬೇಡಿ. ಕೆರೆಮಣ್ಣು ಬೇಸಿಗೆಯಲ್ಲೇ ತಂದು, ಕಲ್ಲು ಆರಿಸಿ, ನೆನೆಸಿ, ಹದ ಮಾಡಿ ಇಡಿ. ಹದ ಮಾಡುವ ಆ ದಿನಗಳೇ ಮಗು ನಿಮ್ಮ ಪಕ್ಕದಲ್ಲಿ ಕೂರುವ ದಿನಗಳು. ಸೊಂಡಿಲು ಸೊಟ್ಟಗಾದರೆ ಆಗಲಿ, ಪೂಜೆಗೆ ಅದನ್ನೇ ಇಡಿ.

ಕೊನೆಗೆ ಒಂದು ಕೇಳಿಕೆ. ಈ ಸಭೆಯಲ್ಲಿ ಅರವತ್ತು ದಾಟಿದವರು ಬಹಳ ಜನ ಇದ್ದೀರಿ. ನನಗೇನು ಬರುತ್ತೆ ಎನ್ನಬೇಡಿ. ಒಬ್ಬೊಬ್ಬರು ಒಂದೇ ಒಂದು ಕಥೆ ಕೊಡಿ, ಅಥವಾ ಒಂದು ಕೈಕೆಲಸ, ಕೆರಕ ಮಾಡುವುದೋ, ಇಟ್ಟಿಗೆ ಪುಡಿಯ ಬಣ್ಣವೋ, ಮಣ್ಣು ಹದ ಮಾಡುವುದೋ. ಈ ಉಪನ್ಯಾಸ ಏರ್ಪಡಿಸಿದ ಸಂಘದವರು ಒಂದು ಪುಸ್ತಕ ತೆರೆದು ಅದರಲ್ಲಿ ಭರಣಿಯಿಂದ ಸ್ವಾತಿಯತನಕ ಮಳೆಗಳ ಹೆಸರು ಬರೆದಿದ್ದಾರೆ. ಹೊರಗೆ ಹೋಗುವಾಗ ಬಾಗಿಲ ಹತ್ತಿರ ಸಿಗುತ್ತದೆ. ಯಾವ ಮಳೆಯಲ್ಲಿ ನೀವು ಶಾಲೆಗೆ ಬರುತ್ತೀರಿ, ಯಾವ ಕಥೆ ತರುತ್ತೀರಿ, ಅದರ ಮುಂದೆ ನಿಮ್ಮ ಹೆಸರು ಬರೆಸಿ ಹೋಗಿ. ಬರೆಯಲು ಬಾರದವರಿಗೆ ಮುಂದಿನ ಸಾಲಿನ ಈ ಮಕ್ಕಳು ಬರೆದುಕೊಡುತ್ತಾರೆ.